ದೇವಿಯ ಮುಂದಿನ ಬಂದೂಕು

ಚಿನ್ನವ್ವ, ಪುಟ್ಟಪ್ಪ, ಶಾಲೆಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ನಾನು ಕರೆಯುವ ಹೆಸರಿನಿಂದಲೇ ಬರೆಯುತ್ತೇನೆ. ಮೊನ್ನೆ ಸಿಂಧನೂರಿನ ಮದುವೆಯಲ್ಲಿ ಊಟಕ್ಕೆ ಕೂತಾಗ ಯಾರೋ ನಿಮಗೆ, “ನೀವು ಆ ಬಂದೂಕಿನ ಕೇಸಿನವರ ಮೊಮ್ಮಕ್ಕಳಲ್ಲೇನು? ನಿಮ್ಮಜ್ಜ ಜೈಲು ಕಂಡು ಬಂದಾವ” ಎಂದರಂತೆ. ಮನೆಗೆ ಬಂದವರೇ ಇಬ್ಬರೂ ನನ್ನ ಮುಂದೆ ಕೂತಿರಿ. “ಅಜ್ಜಿ, ಖರೇ ಏನು?” ಎಂದು, ಚಿನ್ನವ್ವ, ನೀನು ಕೇಳಿದೆ. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಅಜ್ಜಿಗೆ ಸಿಟ್ಟು ಬಂದಿದೆ ಎಂದುಕೊಂಡು ಎದ್ದುಹೋದಿರಿ. ಸಿಟ್ಟಲ್ಲ. ಬಾಯಿಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೇನೆ; ಬಾಯಿಗಿಂತ ಕೈಗೆ ಧೈರ್ಯ ಹೆಚ್ಚು. ಅದಕ್ಕೇ ಬರೆಯುತ್ತಿದ್ದೇನೆ.

ಖರೆ. ನಿಮ್ಮಜ್ಜ ಜೈಲು ಕಂಡು ಬಂದರು. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುವುದೂ ಇಲ್ಲ.

ಆಗ ನಾವಿನ್ನೂ ಮಸ್ಕಿಗೆ ಬಂದಿರಲಿಲ್ಲ. ಸಂತೆಕಲ್ಲೂರಿನ ಆಚೆ ನಮ್ಮ ಹಳ್ಳಿಯಲ್ಲಿದ್ದೆವು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಓಣಿಗೆಲ್ಲ ಸೇರಿ, ಮಣ್ಣಿನಲ್ಲಿ ಕಾಳು ಬಿತ್ತಿ ನವರಾತ್ರಿಯ ಘಟ ಕೂಡಿಸುತ್ತಿದ್ದುದು ನಮ್ಮ ಮನೆಯಲ್ಲಿ. ಘಟ ಕೂತ ದಿನ ಓಣಿಯ ಮಂದಿ ತಮ್ಮ ತಮ್ಮ ಕಬ್ಬಿಣದ ಸಾಮಾನು ತಂದು ದೇವಿಯ ಮುಂದೆ ಇಡುತ್ತಿದ್ದರು. ಕುಡಗೋಲು, ಕೊಡಲಿ, ಬಡಿಗೇರರ ಬಾಚಿ, ದರ್ಜಿಯ ಕತ್ತರಿ, ಲಾರಿ ನಡೆಸುವವನ ಪಾನಾ. ಹಿಂಗಾರಿ ಜೋಳ ಬಿತ್ತುವ ಹೊತ್ತಾದ್ದರಿಂದ ಕೂರಿಗೆಯೊಂದನ್ನು ಮಾತ್ರ ಹೊರಗೆ ಬಿಡುತ್ತಿದ್ದರು. ಒಂದೊಂದಕ್ಕೂ ನಾನು ಕುಂಕುಮ ಹಚ್ಚಿ ಅರಿಶಿನದ ದಾರ ಕಟ್ಟುತ್ತಿದ್ದೆ. ದಾರ ಕಟ್ಟಿದ ಮೇಲೆ ಒಂಬತ್ತನೇ ದಿನದ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ತಂದಿಟ್ಟವನೂ ಮುಟ್ಟುವಂತಿಲ್ಲ, ಮನೆಯವರಾದ ನಾವೂ ಮುಟ್ಟುವಂತಿಲ್ಲ.

ಇನ್ನೊಂದು ಕಟ್ಟೂ ಇತ್ತು. ಅಷ್ಟು ದಿನ ಯಾವ ಸಾಮಾನನ್ನೂ ಇದು ಇಂಥವರದು ಎಂದು ಬಾಯಲ್ಲಿ ಅನ್ನಬಾರದು. ಎಲ್ಲ ದೇವಿಯದು. ಯಾವುದಾದರೂ ಹುಡುಗ ಇಣುಕಿ ನೋಡಿ, “ಅಲ್ನೋಡಲೇ, ನಮ್ಮಪ್ಪನ ಕೊಡಲಿ” ಎಂದರೆ ನಮ್ಮ ಅತ್ತೆ ಅವನ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು.

“ಯಾರ ಕೊಡಲಿಲೇ?”

“ದೇವಿದಬೇ.”

“ಹಾಂ, ಹಂಗನ್ನು. ಮನಿಗೆ ಹೋಗಿ ನಿಮ್ಮಪ್ಪಗೂ ಹೇಳು. ಹ್ವಾದ ವರ್ಷ ಅವನೂ ಹಿಂಗ ಅಂದು ಬಸ್ಕಿ ಹೊಡದಾನ.”

ಆ ಸಾಮಾನುಗಳ ನಡುವೆ ಪ್ರತಿ ವರ್ಷ ಒಂದು ಬಂದೂಕೂ ಇರುತ್ತಿತ್ತು. ಅದನ್ನು ತಂದಿಡುತ್ತಿದ್ದವರು ನಿಮ್ಮಜ್ಜನ ಗೆಳೆಯರು, ಕುರಿ ಕಾಯುವವರು. ಅವರ ಹೆಸರು ಬರೆಯುವುದಿಲ್ಲ. ಕುರಿಯಣ್ಣ ಎನ್ನುತ್ತೇನೆ. ನನ್ನನ್ನು ಅವರು ತಂಗೆವ್ವ ಎನ್ನುತ್ತಿದ್ದರು. ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ಹಳೆಯ ಬಂದೂಕು ಅದು. ಆಗ ನಮ್ಮ ಕಡೆ ತೋಳಗಳು ಬಹಳ. ಹಟ್ಟಿಗೆ ನುಗ್ಗಿ ಮರಿಗಳನ್ನು ಒಯ್ಯುತ್ತಿದ್ದವು. ಅದಕ್ಕಾಗಿ ಅವರಪ್ಪ ಲೈಸನ್ಸ್ ಮಾಡಿಸಿ ಇಟ್ಟುಕೊಂಡಿದ್ದರು. ಅಪ್ಪ ತೀರಿಹೋದರು, ಬಂದೂಕು ಮಗನ ಹೆಗಲಿಗೆ ಬಂತು. ಹೊಲ ಬಂದ ಹಾಗೆ, ಕುರಿ ಬಂದ ಹಾಗೆ ಲೈಸನ್ಸೂ ಮಗನಿಗೆ ಬರುತ್ತದೆ ಎಂದು ಅವರು ತಿಳಿದಿದ್ದರು. ಓಣಿಯಲ್ಲಿ ಎಲ್ಲರೂ ಹಾಗೇ ತಿಳಿದಿದ್ದೆವು. ಲೈಸನ್ಸ್ ಪಡೆದವರು ಸತ್ತರೆ ಅದೂ ಮುಗಿಯಿತು, ಮಗ ತನ್ನ ಹೆಸರಿಗೆ ಹೊಸದು ಮಾಡಿಸಬೇಕು, ಇಲ್ಲವೇ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು ಎಂಬುದು ನಮಗೆ ಗೊತ್ತಾದದ್ದು ಕೇಸು ಆದ ಮೇಲೆ.

ಆ ವರ್ಷವೂ ಕುರಿಯಣ್ಣ ಬಂದೂಕು ತಂದಿಟ್ಟು, ನಮಸ್ಕಾರ ಮಾಡಿ, ಕುರಿ ಹೊಡೆದುಕೊಂಡು ಜವಳಗೇರಾದ ಕಡೆ ಕಾಲುವೆಯ ದಂಡೆಗೆ ಹೋದರು. ಊರಲ್ಲಿ ಚುನಾವಣೆಯ ಬಿಸಿ ಇತ್ತು. ಎರಡು ಪಾರ್ಟಿ, ಎರಡು ಚಹಾದ ಅಂಗಡಿ. ಆ ಅಂಗಡಿಯಲ್ಲಿ ಕುಡಿದವನಿಗೆ ಈ ಅಂಗಡಿಯಲ್ಲಿ ಚಹಾ ಇಲ್ಲ. ಯಾರು ಹೋಗಿ ಏನು ಹೇಳಿದರೋ ಇಂದಿಗೂ ತಿಳಿದಿಲ್ಲ. ಖಂಡೆ ಪೂಜೆಯ ಹಿಂದಿನ ದಿನ ಬೆಳಿಗ್ಗೆ ಪೊಲೀಸರ ಜೀಪು ಸೀದಾ ನಮ್ಮ ಮನೆಯ ಮುಂದೆ ನಿಂತಿತು.

ನಾನು ಘಟದ ಸಸಿಗೆ ನೀರು ಚಿಮುಕಿಸುತ್ತಿದ್ದೆ. ಬೂಟಿನ ಸಪ್ಪಳ ಕೇಳಿ ಬಾಗಿಲ ಹಿಂದೆ ಸರಿದೆ. ನಿಮ್ಮಜ್ಜ ಪಡಸಾಲೆಯಲ್ಲಿ ಕೈ ಜೋಡಿಸಿ ನಿಂತು, “ಸಾಹೇಬ್ರ, ಘಟ ಕೂಡಿಸೀವ್ರಿ. ಬೂಟು ಹೊರಗ ಬಿಡ್ರಿ” ಎಂದರು. ಫೌಜದಾರರು ಅವರನ್ನು ನೋಡಿದರು. ಜಗಳಕ್ಕೆ ಬರುತ್ತಾರೇನೋ ಎಂದುಕೊಂಡೆ. ಬೂಟು ಬಿಚ್ಚಿದರು. ಹಿಂದಿದ್ದ ಜಮಾದಾರರೂ ಬಿಚ್ಚಿದರು. ಒಳಗೆ ಬಂದು ಇಬ್ಬರೂ ದೇವಿಗೆ ಕೈ ಮುಗಿದರು. ಆಮೇಲೆ ಫೌಜದಾರರು ಬಂದೂಕಿನ ಕಡೆ ಬೆರಳು ಮಾಡಿದರು.

“ಇದು ಯಾರದು?”

“ದೇವಿದ್ರಿ.”

“ದೇವಿಗೆ ಲೈಸನ್ಸ್ ಐತೇನು?”

ಜಮಾದಾರರು ನಕ್ಕರು. ನಿಮ್ಮಜ್ಜ ನಗಲಿಲ್ಲ.

“ಮಸ್ಕರಿ ಸಾಕು. ಯಾರದು ಹೇಳು. ಎತ್ಕೊಂಡು ಹೊರಗ ಬಾ.”

“ಪೂಜಿ ಮುಗಿಯೋತನಕ ಅದನ್ನ ನಾನೂ ಮುಟ್ಟಂಗಿಲ್ರಿ, ನೀವೂ ಮುಟ್ಟಬ್ಯಾಡ್ರಿ. ನಾಡದು ಬರ್ರಿ. ಹೆಸರೂ ಅಲ್ಲೀತನಕ ಅನ್ನಂಗಿಲ್ರಿ.”

ಫೌಜದಾರರಿಗೆ ಇದು ಸೊಕ್ಕಿನ ಹಾಗೆ ಕಂಡಿರಬೇಕು. ಜಮಾದಾರರಿಗೆ ಕಣ್ಣು ಮಾಡಿದರು. ಜಮಾದಾರರು ಮತ್ತೊಮ್ಮೆ ಕೈ ಮುಗಿದು, ಬಂದೂಕಿಗೆ ಕೈ ತಾಗಿಸಿ ಕಣ್ಣಿಗೊತ್ತಿಕೊಂಡು ಎತ್ತಿದರು. ನಾನು ಕಟ್ಟಿದ ದಾರ ಅದರಲ್ಲೇ ಇತ್ತು. ಬಂದೂಕಿನ ಹಿಂದೆ ನಿಮ್ಮಜ್ಜನನ್ನೂ ಜೀಪಿಗೆ ಹತ್ತಿಸಿದರು. ಕಟ್ಟೆಯ ಮೇಲೆ ಕೂತವರೆಲ್ಲ ನೋಡಿದರು. ಅದು ಯಾರ ಬಂದೂಕು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಅವರನ್ನು ಬಯ್ಯುವುದಿಲ್ಲ. ಅವತ್ತು ಅನ್ನಬಾರದ ದಿನ.

ಆದರೆ ಪೂಜೆ ಮುಗಿದ ಮೇಲೂ ನಿಮ್ಮಜ್ಜ ಹೇಳಲಿಲ್ಲ. ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದ ದಿನ, ಸ್ನಾನ ಮಾಡಿ ಕೂತವರಿಗೆ ರೊಟ್ಟಿ ಹಾಕುತ್ತ ಕೇಳಿದೆ, “ಈಗ ಘಟ ಎದ್ದೈತಿ. ಈಗರೆ ಹೇಳಬೌದಿತ್ತಲ್ಲ?”

“ಹೇಳಿ?”

“ನಿಮ್ಮದಲ್ಲ ಅಂತ ತಿಳೀತಿತ್ತು.”

“ಅವನ ಮನ್ಯಾಗ ಎರಡು ಸಣ್ಣ ಹೆಣ್ಣು ಕೂಸು ಅದಾವ. ಹೆಂಡತಿ ಬಸುರಿ. ಕುರಿ ಯಾರು ಕಾಯ್ತಾರ, ನೀ ಕಾಯ್ತಿಯೇನು?”

“ನಮ್ಮನಿ ಯಾರು ಕಾಯ್ತಾರ?” ಎಂದೆ. ಜನ್ಮದಲ್ಲಿ ಅವರಿಗೆ ಎದುರು ಮಾತಾಡಿದ್ದು ಬಹಳ ಕಡಿಮೆ, ಅದರಲ್ಲಿ ಇದೊಂದು. ಅವರು ಇನ್ನೊಂದು ರೊಟ್ಟಿ ಮುರಿದರು.

ಸುದ್ದಿ ಕೇಳಿದ ಕೂಡಲೇ ಕುರಿಯಣ್ಣ ಕುರಿಗಳನ್ನು ಅಕ್ಕನ ಮಗನ ಕೈಗೆ ಬಿಟ್ಟು ಓಡಿಬಂದರು. ಅಂಗಳದಲ್ಲಿ ನಿಂತೇ, “ನಡಿ, ನಾ ಠಾಣೆಗೆ ಹೋಗಿ ಹೇಳ್ತೀನಿ” ಎಂದರು. ನಿಮ್ಮಜ್ಜ ಅವರ ಕೈ ಹಿಡಿದು ಕೂಡಿಸಿದರು. ಮರುದಿನ ಇಬ್ಬರೂ ಲಿಂಗಸುಗೂರಿಗೆ ವಕೀಲರ ಹತ್ತಿರ ಹೋದರು. ಕುಂಕುಮ ಹಚ್ಚಿದವಳನ್ನೂ ಕರೆತನ್ನಿ ಎಂದು ಅವರು ಹೇಳಿದ್ದರಿಂದ ನಾನೂ ಹೋದೆ. ವಕೀಲರು ನಮ್ಮ ಕಡೆಯವರೇ, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ.

“ನೋಡ್ರಿ,” ಎಂದರು ಅವರು ಕುರಿಯಣ್ಣನಿಗೆ, “ನೀವು ಹೋಗಿ ನಂದು ಅಂದ್ರ ಇವರನ್ನ ಬಿಡ್ತಾರ ಅಂದ್ಕೊಂಡೀರಿ. ಬಿಡಂಗಿಲ್ಲ. ಬಂದೂಕಿನ ಕಾಯ್ದೆ ಯಾರು ಮಾಲಕ ಅಂತ ಕೇಳಂಗಿಲ್ಲ. ಲೈಸನ್ಸ್ ಇಲ್ಲದ ಬಂದೂಕು ಯಾರ ತಾಬಾದಾಗ ಇತ್ತು ಅಂತ ಕೇಳ್ತದ. ಇಟ್ಟಾವ ನೀವು, ಇಟ್ಕೊಂಡಾವ ಇವರು. ಒಬ್ಬರ ಬದಲು ಇಬ್ಬರು ಒಳಗ ಹೋಗ್ತೀರಿ. ಜೋಡಿ ಇರ್ತದ, ಬ್ಯಾಸರ ಆಗಂಗಿಲ್ಲ, ಅಷ್ಟ ಲಾಭ.”

“ಹಂಗಾರ ನಾ ಏನು ಮಾಡ್ಲಿ?”

“ಬಾಯಿ ಮುಚ್ಕೊಂಡು ಕುರಿ ಕಾಯ್ರಿ.”

ಕುರಿಯಣ್ಣನಿಗೆ ಆ ಮಾತು ಚಾಟಿಯ ಹಾಗೆ ಬಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಬಳಿಯ ಅಂಚನ್ನು ಹಿಂಜುತ್ತ ಕೂತಿದ್ದರು.

ಕೆಳಗಿನ ಕೋರ್ಟಿನಲ್ಲಿ ಕೇಸು ವರ್ಷಗಟ್ಟಲೆ ನಡೆಯಿತು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮೇಜಿನ ಮೇಲೆ ಮುದ್ದೆಮಾಲು ಎಂದು ಚೀಟಿ ಅಂಟಿಸಿದ ಬಂದೂಕು ಇಟ್ಟಿದ್ದರು. ಕುಂಕುಮ ಒಣಗಿ ಕಂದಾಗಿತ್ತು. ದಾರ ಹಾಗೇ ಇತ್ತು, ನಾನು ಹಾಕಿದ ಗಂಟು. ಖಂಡೆ ಪೂಜೆಯ ದಿನ ಬಿಚ್ಚಬೇಕಾದ ದಾರ, ಬಿಚ್ಚುವವರಿಲ್ಲದೆ ಅಷ್ಟು ದಿನ ಅಲ್ಲಿ ಇತ್ತು. ದೇವಿ ಎದ್ದುಹೋದ ಮೇಲೂ ಆ ಬಂದೂಕು ಇನ್ನೂ ಕಟ್ಟಿನಲ್ಲೇ ಇದೆ ಎನಿಸಿತು.

ಜಮಾದಾರರು ಸುಳ್ಳು ಹೇಳಲಿಲ್ಲ, ಅದನ್ನು ನೀವು ನೆನಪಿಡಬೇಕು. ನಡೆದದ್ದನ್ನು ನಡೆದ ಹಾಗೇ ಹೇಳಿದರು. ಬೂಟು ಬಿಚ್ಚಿಸಿದ್ದು, ತಾವು ಕೈ ಮುಗಿದದ್ದು, ಆರೋಪಿ ತಾನೂ ಮುಟ್ಟುವುದಿಲ್ಲ ನೀವೂ ಮುಟ್ಟಬೇಡಿ ಎಂದದ್ದು, ಎಲ್ಲ. ಕೋರ್ಟು ಅದೇ ಮಾತನ್ನು ಹಿಡಿದು ಶಿಕ್ಷೆ ಕೊಟ್ಟಿತು. ಬಂದೂಕು ಇರುವುದು ಇವನಿಗೆ ಗೊತ್ತಿತ್ತು. ಬೂಟು ಬಿಚ್ಚಿರಿ, ಮುಟ್ಟಬೇಡಿರಿ ಎಂದು ಪೊಲೀಸರಿಗೇ ಹೇಳುವಷ್ಟು ಆ ಕೋಣೆಯ ಮೇಲೆ ಹುಕುಂ ಇತ್ತು. ಅಂದ ಮೇಲೆ ಬಂದೂಕು ಇವನ ತಾಬಾದಲ್ಲೇ ಇತ್ತು ಎಂದು. ಒಂದು ವರ್ಷದ ಸಜೆ. ಅದಕ್ಕಿಂತ ಕಡಿಮೆ ಕೊಡಲು ವಿಶೇಷ ಕಾರಣ ಬೇಕು, ಇಲ್ಲಿ ಅಂಥದ್ದು ಕಾಣುವುದಿಲ್ಲ ಎಂದರಂತೆ. ಮೇಲಿನ ಜಿಲ್ಲಾ ಕೋರ್ಟಿಗೆ ಹೋದೆವು. ಅಲ್ಲಿಯೂ ಅದೇ ಆಯಿತು. ಅವತ್ತು ಅವರನ್ನು ಅಲ್ಲಿಂದಲೇ ಜೈಲಿಗೆ ಒಯ್ದರು. ಹೈಕೋರ್ಟು ಶಿಕ್ಷೆಯನ್ನು ತಡೆಹಿಡಿಯುವವರೆಗೆ ಅಲ್ಲೇ ಇದ್ದರು. ಮದುವೆಯಲ್ಲಿ ನಿಮಗೆ ಹೇಳಿದರಲ್ಲ, ಆ ಜೈಲು ಇದೇ.

ಬಿಡುಗಡೆಯಾಗಿ ಬಂದಾಗ ಅವರ ಕೊರಳಿನ ಎಲುಬುಗಳು ಕಾಣುತ್ತಿದ್ದವು. ಮಗನನ್ನು, ಅಂದರೆ ನಿಮ್ಮ ಅಪ್ಪನನ್ನು, ಹತ್ತಿರ ಕರೆಯಲಿಲ್ಲ. “ಅಲ್ಲಿ ಏನು ಮಾಡ್ತಿದ್ರಿ?” ಎಂದು ಕೇಳಿದರೆ, “ಕೂಡ್ತಿದ್ದೆ” ಎಂದರು. ಹೈಕೋರ್ಟಿನಲ್ಲೂ ಸೋತರೆ ವರ್ಷದಲ್ಲಿ ಉಳಿದಷ್ಟು ದಿನವನ್ನೂ ಅಲ್ಲೇ ಕಳೆಯಬೇಕು ಎಂದು ವಕೀಲರು ಹೇಳಿದ್ದರು. ನನಗೆ ಭಯ ಇದ್ದದ್ದು ದಿನಗಳ ಲೆಕ್ಕಕ್ಕಲ್ಲ. ಇನ್ನೊಮ್ಮೆ ಒಳಗೆ ಹೋದರೆ ಆ ಮನುಷ್ಯ ವಾಪಸ್ಸು ಬಂದರೂ ಮನೆಗೆ ಬರುವುದಿಲ್ಲ ಎನಿಸುತ್ತಿತ್ತು.

ಕೇಸು ಬೆಂಗಳೂರಿನಲ್ಲಿ ಕೂಗಿದ್ದು ತೊಂಬತ್ತರ ನಂತರ. ಆಗ ನಮ್ಮ ಕಡೆಗೆಲ್ಲ ಅದೊಂದೇ ಹೈಕೋರ್ಟು. ನೀವು ಬರಬೇಕಾಗಿಲ್ಲ ಎಂದು ವಕೀಲರು ಹೇಳಿದ್ದರೂ ನಿಮ್ಮಜ್ಜ ಹೊರಟರು, ನಾನೂ ಹೊರಟೆ. ಬಸ್‌ಸ್ಟ್ಯಾಂಡಿಗೆ ಬಂದು ನೋಡಿದರೆ ಕುರಿಯಣ್ಣ ಕಂಬಳಿ ಹೊದ್ದು ನಿಂತಿದ್ದಾರೆ.

“ನೀ ಯಾಕ?” ಎಂದರು ನಿಮ್ಮಜ್ಜ.

“ಬೆಂಗಳೂರು ನೋಡಿಲ್ಲ. ನೋಡಾಕ ಬರಾಕತ್ತೀನಿ.”

“ಕಂಬಳಿ ಹೊತ್ಕೊಂಡ?”

“ಬೆಂಗಳೂರಾಗ ಥಂಡಿ ಅಂತ.”

ಹೈಕೋರ್ಟಿನ ಕೆಂಪು ಕಟ್ಟಡ ದೊಡ್ಡದು. ಒಳಗೆ ಕಾಲಿನ ಸಪ್ಪಳವೂ ಕೇಳದ ಹಾಗೆ ಮಂದಿ ಓಡಾಡುತ್ತಿದ್ದರು. ನಾವು ಹಿಂದಿನ ಬೆಂಚಿನಲ್ಲಿ ಕೂತೆವು: ನಿಮ್ಮಜ್ಜ, ಕುರಿಯಣ್ಣ, ನಾನು. ನಮ್ಮ ಪರವಾಗಿ ಲಿಂಗಸುಗೂರಿನ ವಕೀಲರ ಪರಿಚಯದವರೊಬ್ಬರು ನಿಂತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಒಂದೂ ತಿಳಿಯಲಿಲ್ಲ. ಆದರೆ ನಡುನಡುವೆ ಘಟ, ಕುಂಕುಮ, ಖಂಡೆ ಪೂಜೆ ಎಂದು ನಮ್ಮ ಮನೆಯ ಶಬ್ದಗಳು ಬೀಳುತ್ತಿದ್ದವು. ಅಷ್ಟು ದೂರದ ಊರಿನಲ್ಲಿ ಕರಿ ಕೋಟಿನವರ ಬಾಯಿಂದ ನಮ್ಮ ದೇವರ ಕೋಣೆ ಹೊರಗೆ ಬರುವುದನ್ನು ಕೇಳಿ ನಾನು ಸೆರಗನ್ನು ಇನ್ನಷ್ಟು ಬಿಗಿದೆ. ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಯಾರೋ ಬೀದಿಯಲ್ಲಿ ತೆರೆದಿಟ್ಟ ಹಾಗಿತ್ತು.

ಸರ್ಕಾರದ ವಕೀಲರು ಏನು ಹೇಳಿದರೆಂದು ಆಮೇಲೆ ತಿಳಿಯಿತು. ಕೂರಿಗೆ ಬೇಕಾಗಿತ್ತು, ಅದನ್ನು ಹೊರಗೆ ಬಿಟ್ಟರು. ಬಂದೂಕನ್ನೂ ಹಾಗೇ ಬಿಡಬಹುದಿತ್ತು, ಬೇಕೆಂದೇ ಒಳಗಿಟ್ಟುಕೊಂಡರು. ಯಾವುದು ಒಳಗೆ, ಯಾವುದು ಹೊರಗೆ ಎಂದು ತಾವೇ ಗೊತ್ತು ಮಾಡುವವರು ತಮಗೆ ಅಧಿಕಾರ ಇರಲಿಲ್ಲ ಎಂದರೆ ಹೇಗೆ? ಪೂಜೆಯ ಹೆಸರು ಹೇಳಿ ನಾಳೆ ಯಾರು ಬೇಕಾದರೂ ಬಂದೂಕು ಇಟ್ಟುಕೊಳ್ಳುತ್ತಾರೆ. ಈಗ ಕೂತು ಬರೆಯುವಾಗ ನನಗೇ ಅನಿಸುತ್ತದೆ, ಅದು ತೆಗೆದುಹಾಕುವ ಮಾತಲ್ಲ.

ಜಡ್ಜ್ ಸಾಹೇಬರು ವಯಸ್ಸಾದವರು. ಬಹಳ ಹೊತ್ತು ಕಾಗದ ತಿರುವಿದರು. ಆಮೇಲೆ ಕನ್ನಡಕ ಸರಿಸಿ, ಆರೋಪಿ ಬಂದಿದ್ದಾರೆಯೇ ಎಂದು ಕೇಳಿದರು. ನಿಮ್ಮಜ್ಜ ಎದ್ದು ನಿಂತರು. ಸಾಹೇಬರು ಕನ್ನಡದಲ್ಲಿಯೇ ಕೇಳಿದರು.

“ನಿಮ್ಮ ಕಡೆ ತೋಳ ಇದೆಯಾ?”

“ಅದಾವ್ರಿ.”

“ಆ ಒಂಬತ್ತು ದಿನದಲ್ಲಿ ತೋಳ ಬಂದರೆ ಬಂದೂಕು ತಗೋತೀರಾ?”

“ಇಲ್ರಿ.”

“ಮತ್ತೇನು ಮಾಡ್ತೀರಿ?”

“ಒದರ್ತೀವ್ರಿ. ತಗಡು ಬಾರಸ್ತೀವ್ರಿ.”

ಮುಂದೆ ಕೂತ ವಕೀಲರು ನಕ್ಕರು. ಸಾಹೇಬರು ನಗಲಿಲ್ಲ.

“ಇಟ್ಟವರು ಬಂದು ನಡುವೆ ವಾಪಸ್ಸು ಕೊಡು ಅಂದರೆ?”

“ಕೊಡಂಗಿಲ್ರಿ. ಅವರೂ ಕೇಳಂಗಿಲ್ರಿ.”

“ಹಾಗಾದರೆ ಇಟ್ಟವರು ಬೇರೆ ಇದ್ದಾರೆ. ಯಾರು?”

ನಮ್ಮ ವಕೀಲರು ಹಿಂದಕ್ಕೆ ತಿರುಗಿ ನೋಡಿದರು. ಅವರ ಮುಖ ಇಳಿದುಹೋಗಿತ್ತು. ನಿಮ್ಮಜ್ಜ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡರು. ಹೇಳಿಬಿಡಲಿ, ಹೇಳಿಬಿಡಲಿ ಎಂದು ಅಷ್ಟು ವರ್ಷ ಒಳಗೊಳಗೇ ಬೇಡಿಕೊಂಡವಳು ನಾನು. ಆಗ ಪಕ್ಕದಲ್ಲಿ ಕಂಬಳಿ ಅಲುಗಿತು. ಕುರಿಯಣ್ಣ ಏಳುತ್ತಿದ್ದರು. ಮೊಣಕಾಲು ಆಗಲೇ ನೆಟ್ಟಗಾಗಿದ್ದವು. ನಾನು ಅವರ ಕಂಬಳಿಯ ಚುಂಗನ್ನು ಹಿಡಿದು ಕೆಳಗೆ ಜಗ್ಗಿದೆ.

ಪರ ಗಂಡಸಿನ ಬಟ್ಟೆಯನ್ನು ನಾನು ಅಲ್ಲಿಯವರೆಗೆ ಮುಟ್ಟಿದವಳಲ್ಲ. ಅವರು ನನ್ನತ್ತ ನೋಡಿದರು. ನಾನು ನೋಡಲಿಲ್ಲ, ಬಿಡಲೂ ಇಲ್ಲ. ಅವರು ಕೂತರು.

ನಿಮ್ಮಜ್ಜ ಹೇಳಿದರು, “ಪೊಲೀಸರು ಬಂದ ದಿನ ಅದು ದೇವಿ ಮುಂದ ಇತ್ರಿ. ಅವತ್ತು ನಾ ಹೆಸರು ಅನ್ನಂಗಿದ್ದಿಲ್ಲ. ಇವತ್ತು ಕಟ್ಟಿಲ್ರಿ, ಅನ್ನಬೌದು. ಆದ್ರ ನನ್ನ ಮ್ಯಾಲಿನ ಭಾರ ಮತ್ತೊಬ್ಬರ ತಲಿಮ್ಯಾಲ ಇಡಾಕ ನನ್ನ ಕೈಲಿಂದ ಆಗಂಗಿಲ್ರಿ. ಸಿಟ್ಟಿಗೇಳಬ್ಯಾಡ್ರಿ.”

ಸಾಹೇಬರು ಏನೋ ಬರೆದುಕೊಂಡರು. ಕೂತುಕೊಳ್ಳಿ ಎಂದು ಕೈ ಮಾಡಿದರು. ಮತ್ತೆ ಇಂಗ್ಲಿಷ್ ಶುರುವಾಯಿತು.

ಹೊರಗೆ ಬಂದ ಮೇಲೆ ನಮ್ಮ ವಕೀಲರು, “ಅಲ್ಲ ಯಜಮಾನರೇ, ಹೈಕೋರ್ಟಿನ ಜಡ್ಜರ ಮುಂದೆ ಹೇಳೋದಿಲ್ಲ ಅಂದುಬಿಟ್ಟಿರಲ್ಲ” ಎಂದು ಹಣೆ ಹಿಡಿದುಕೊಂಡರು. ಗೆಲ್ಲುವ ಆಸೆ ಅವರಿಗೆ ಉಳಿದಿರಲಿಲ್ಲ. ಅವರು ನಂಬಿಕೊಂಡಿದ್ದದ್ದು ಬೇರೆಯೇ. ಇಂಥ ಕೇಸು ಹಾಕುವ ಮೊದಲು ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕಂತೆ. ನಮ್ಮ ಕೇಸಿನಲ್ಲಿ ಆ ಒಪ್ಪಿಗೆಯನ್ನು ಏನನ್ನೂ ನೋಡದೆ ಕೊಟ್ಟಿದ್ದಾರೆ ಎಂದು ತೋರಿಸಲು ಅವರು ತಯಾರಾಗಿದ್ದರು. ಅವತ್ತೇ ರಾತ್ರಿಯ ಬಸ್ಸು ಹತ್ತಿದೆವು. ಕುರಿಯಣ್ಣ ಬೆಂಗಳೂರಿನಲ್ಲಿ ಏನನ್ನೂ ನೋಡಲಿಲ್ಲ.

ತೀರ್ಪು ಬಂದಿದೆ ಎಂದು ಹೇಳಿಕಳಿಸಿದಾಗ ಮಳೆಗಾಲ. ಲಿಂಗಸುಗೂರಿನ ವಕೀಲರ ಪಡಸಾಲೆಯಲ್ಲಿ ನಾವಿಬ್ಬರೂ ಕೂತೆವು. ಅವರು ಎಲೆ ಅಡಿಕೆ ಉಗುಳಿ, ಬಾಯಿ ತೊಳೆದುಕೊಂಡು ಬಂದರು. ಆಗಲೇ ನನಗೆ ಅನಿಸಿತು, ಏನೋ ದೊಡ್ಡದಿದೆ ಎಂದು.

“ಬಿಟ್ಟಾರ,” ಎಂದರು. ಆಮೇಲೆ ಒಂದೊಂದೇ ಸಾಲು ಓದಿ ನಮ್ಮ ಮಾತಿನಲ್ಲಿ ಹೇಳಿದರು.

ನನಗೆ ನೆನಪಿರುವಷ್ಟು ಬರೆಯುತ್ತೇನೆ. ಲೈಸನ್ಸ್ ಇಲ್ಲದೆ ಬಂದೂಕನ್ನು ತಾಬಾದಲ್ಲಿ ಇಟ್ಟುಕೊಳ್ಳಬಾರದು ಎಂದು ಕಾಯ್ದೆ ಹೇಳುತ್ತದೆ. ತಾಬಾ ಎಂದರೆ ಏನು? ಮನೆಯ ಸೂರಿನ ಕೆಳಗೆ ಇದ್ದ ಮಾತ್ರಕ್ಕೆ ತಾಬಾ ಅಲ್ಲ. ಅದು ಅಲ್ಲಿರುವುದು ಗೊತ್ತಿರಬೇಕು. ಗೊತ್ತಿದ್ದರೂ ಸಾಲದು, ಅದನ್ನು ತೆಗೆದುಕೊಳ್ಳಲು, ಬಳಸಲು, ಇನ್ನೊಬ್ಬರಿಗೆ ಕೊಡಲು ಅವನಿಗೆ ಹಿಡಿತ ಇರಬೇಕು. ಕೆಳಗಿನ ಕೋರ್ಟುಗಳು ಗೊತ್ತಿತ್ತು ಎಂಬಲ್ಲಿಗೇ ನಿಂತುಬಿಟ್ಟವು. ಮುಟ್ಟಬೇಡಿ ಎಂದು ಪೊಲೀಸರಿಗೆ ಹೇಳಿದ್ದನ್ನು ಹಿಡಿತ ಎಂದು ಓದಿದವು. ಆದರೆ ಅವನು ತಾನೂ ಮುಟ್ಟುವುದಿಲ್ಲ ಎಂದಿದ್ದನ್ನು, ಸರ್ಕಾರದ ಸಾಕ್ಷಿಯೇ ಹೇಳಿದ್ದನ್ನು, ಬಿಟ್ಟು ಓದಿದವು. ತನಗೂ ಸೇರಿ ಹಾಕಿಕೊಂಡ ಕಟ್ಟನ್ನು ಹಿಡಿತ ಎನ್ನಲು ಬರುವುದಿಲ್ಲ. ಹಿಡಿತ ಇತ್ತೆಂದು ತೋರಿಸಬೇಕಾದವರು ಸರ್ಕಾರದವರು. ಬೇರೆ ಯಾರದೆಂದು ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನನ್ನು ತಪ್ಪಿತಸ್ಥ ಮಾಡಲಾಗದು. ಜಿಲ್ಲಾಧಿಕಾರಿಯ ಒಪ್ಪಿಗೆಯ ಬಗ್ಗೆ ಹೇಳುವ ಅಗತ್ಯ ಬೀಳುವುದಿಲ್ಲ.

“ಇನ್ನ ಐತಿ, ಕೇಳ್ರಿ,” ಎಂದು ವಕೀಲರು ಹಾಳೆ ತಿರುವಿದರು. ಈ ತೀರ್ಪು ದೇವರ ಕೋಣೆಯಲ್ಲಿ ಬಂದೂಕು ಇಡಲು ಪರವಾನಗಿ ಅಲ್ಲ. ಪೂಜೆಯ ನೆಪದಲ್ಲಿ ಬಚ್ಚಿಟ್ಟವನಿಗೆ ಇದು ಆಸರೆಯಾಗದು. ಈ ಕೇಸಿನ ಸಾಕ್ಷಿಗಳನ್ನು ನೋಡಿ ಮಾತ್ರ ಹೇಳಿದ್ದು. ಬಂದೂಕನ್ನು ತಂದಿಟ್ಟವರು ಯಾರೆಂದು ಪೊಲೀಸರು ಹುಡುಕಲೇ ಇಲ್ಲ, ಅದು ಅವರ ಲೋಪ. ಬಂದೂಕು ಸರ್ಕಾರಕ್ಕೆ ಜಪ್ತಿ.

“ಅಂದ್ರ ಈಗ ಹುಡುಕ್ತಾರೇನ್ರಿ?” ಎಂದು ನಿಮ್ಮಜ್ಜ ಕೇಳಿದರು. ತಾವು ಬಿಡುಗಡೆಯಾದ ಬಗ್ಗೆ ಒಂದು ಮಾತಿಲ್ಲ.

“ಮುಗದ ಕೇಸು ಯಾರು ಕೆದರ್ತಾರ? ಹೋಗಿ ಹೋಳಿಗಿ ಊಟ ಮಾಡ್ರಿ.”

ನಾವು ಹೋಳಿಗೆ ಮಾಡಲಿಲ್ಲ. ಜೀಪಿನ ಸಪ್ಪಳ ಕೇಳಿದರೆ ನಿಮ್ಮಜ್ಜ ಕುರಿಯಣ್ಣನ ಮನೆಯ ಕಡೆ ನೋಡುತ್ತಿದ್ದರು. ಆ ನೋಟ ಅವರನ್ನು ಬಿಟ್ಟುಹೋಗಲೇ ಇಲ್ಲ.

ಆಮೇಲಿನದು ನನಗೆ ಬರೆಯಲು ಹೆಚ್ಚು ಕಷ್ಟ. ಗೆಲುವಿನ ಮೇಲೆ ಇಬ್ಬರೂ ಮೊದಲಿನ ಹಾಗೆ ಆಗುತ್ತಾರೆ ಎಂದುಕೊಂಡಿದ್ದೆ. ಮುಂದಿನ ನವರಾತ್ರಿಗೆ ಕುರಿಯಣ್ಣ ಒಂದು ಕುಡಗೋಲನ್ನೂ ತಂದಿಡಲಿಲ್ಲ. ಓಣಿಯ ಬೇರೆಯವರೂ ಹಿಂದೆ ಮುಂದೆ ನೋಡಿದರು. ಘಟದ ಮುಂದೆ ನಮ್ಮ ಮನೆಯ ಈಳಿಗೆ, ನಮ್ಮ ಕೊಡಲಿ, ಅಷ್ಟೇ ಇದ್ದವು. ದೇವಿಯದು ಎನ್ನಲು ಬೇರೆಯವರದೇ ಇರಲಿಲ್ಲ. ಕಟ್ಟೆಯ ಮೇಲೆ ಎದುರಾದರೆ ಕುರಿಯಣ್ಣ ನಿಮ್ಮಜ್ಜನಿಗೆ ಜಾಗ ಬಿಟ್ಟು ಏಳುತ್ತಿದ್ದರು. ಮೊದಲಾಗಿದ್ದರೆ, “ಸರಿಲೇ ಆಕಡೆ” ಎಂದು ದೂಡಿ ಕೂಡುತ್ತಿದ್ದರು. “ಯಾಕ ಏಳ್ತಿಲೇ, ನಾ ಏನು ತಹಶೀಲ್ದಾರ ಏನು?” ಎಂದು ನಿಮ್ಮಜ್ಜ ಬೈದರೂ ಕೇಳಲಿಲ್ಲ. ಬಂದೂಕಿಲ್ಲದ ಹಟ್ಟಿಗೆ ತೋಳ ನುಗ್ಗಿತು. ಕೊನೆಗೆ ಕುರಿ ಮಾರಿ, ಸಿಂಧನೂರಿಗೆ ಹೋಗಿ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದರು. ಹಬ್ಬಕ್ಕೂ ಊರಿಗೆ ಬರುತ್ತಿರಲಿಲ್ಲ.

ನಿಮ್ಮಜ್ಜ ತೀರಿಕೊಂಡಾಗ ಬಂದರು. ಮಣ್ಣು ಮುಗಿಸಿ ಮಂದಿಯೆಲ್ಲ ಚದುರಿದ ಮೇಲೆ, ಮಧ್ಯಾಹ್ನ, ಬೇವಿನ ನೆರಳಿನಲ್ಲಿ ಒಬ್ಬರೇ ಕೂತಿದ್ದರು. ಹೆಗಲ ಮೇಲೆ ಅದೇ ಕಂಬಳಿ. ನಾನು ನೀರು ತಂದಿಟ್ಟೆ.

“ತಂಗೆವ್ವ,” ಎಂದರು, “ಅವತ್ತು ಬೆಂಗಳೂರಾಗ ನನ್ನ ಯಾಕ ಜಗ್ಗಿದಿ?”

ನಾನು ಸೆರಗು ಎಳೆದುಕೊಂಡು ನಿಂತೆ.

“ಬಿಟ್ಟಿದ್ರ ಹೇಳ್ತಿದ್ದೆ. ಹೇಳಿದ್ರ ಜೈಲಾಗ್ತಿತ್ತು, ಆಗ್ಲಿ. ಅಂವ ಕೂತಷ್ಟು ದಿನ ನಾನೂ ಕೂತು ಬಂದಿದ್ರ ಅವನ ಮಗ್ಗಲಕ್ಕ ಕೂಡಾಕ ನನಗ ಮಾರಿ ಇರ್ತಿತ್ತು.”

“ನಿಮ್ಮ ಕೂಸುಗಳು ಕಣ್ಣಿಗೆ ಬಂದ್ವು” ಎನ್ನಬೇಕೆಂದುಕೊಂಡೆ. ಅದೂ ಪೂರಾ ಖರೆ ಇರಲಿಲ್ಲ. ನಿಮ್ಮಜ್ಜ ಅಷ್ಟು ವರ್ಷ ಹೊತ್ತದ್ದು ಒಂದು ಕ್ಷಣದಲ್ಲಿ ಸುಳ್ಳಾಗಿಹೋಗುತ್ತದೆ ಎಂದು ನನ್ನ ಕೈ ತಾನಾಗಿಯೇ ಚಾಚಿತ್ತೋ ಏನೋ. “ನೀರು ಕುಡೀರಿ ಅಣ್ಣಾ” ಎಂದೆ, ಅಷ್ಟೇ. ಅವರು ಕುಡಿದು, ಲೋಟವನ್ನು ಕಟ್ಟೆಯ ಮೇಲೆ ಇಟ್ಟು, ಸಿಂಧನೂರಿನ ಬಸ್ಸಿಗೆ ಹೋದರು. ಆಮೇಲೆ ಅವರನ್ನು ನಾನು ನೋಡಿಲ್ಲ. ಆ ಕಂಬಳಿಯ ಒರಟು ಇನ್ನೂ ಬೆರಳಿಗೆ ತಾಗಿದ ಹಾಗೆ ಆಗುತ್ತದೆ. ಜಗ್ಗಿದ್ದು ಸರಿಯೋ ತಪ್ಪೋ ಯಾವ ಕೋರ್ಟು ಹೇಳಬೇಕು?

ಚಿನ್ನವ್ವ, ಪುಟ್ಟಪ್ಪ, ಇಷ್ಟು ನಡೆದದ್ದು. ನಿಮ್ಮಜ್ಜ ಜೈಲು ಕಂಡರು, ಹೈಕೋರ್ಟು ಅವರನ್ನು ನಿರ್ದೋಷಿ ಎಂದಿತು. ಮುಂದೆ ಮದುವೆಯಲ್ಲೋ ಸಂತೆಯಲ್ಲೋ ಯಾರಾದರೂ ಬಂದೂಕಿನ ಮಾತು ತೆಗೆದರೆ ಎರಡನ್ನೂ ಹೇಳಿರಿ, ಒಂದನ್ನೇ ಹೇಳಬೇಡಿರಿ. ಬಂದೂಕು ಯಾರದಿತ್ತು ಎಂದು ಕೇಳಿದರೆ ದೇವಿಯದು ಎನ್ನಿರಿ. ಅವರ ಮಕ್ಕಳು ಮೊಮ್ಮಕ್ಕಳು ಸಿಂಧನೂರಿನಲ್ಲಿ ಇದ್ದಾರೆ, ಮದುವೆಯ ಆ ಪಂಕ್ತಿಯಲ್ಲಿ ನಿಮ್ಮ ಎದುರಿಗೇ ಕೂತಿದ್ದರೂ ಇದ್ದಾರು. ನಿಮ್ಮಜ್ಜ ಅನ್ನದ ಹೆಸರನ್ನು ನಾನು ಈ ಹಾಳೆಗಳಲ್ಲಿ ಎಲ್ಲಿಯೂ ಅಂದಿಲ್ಲ. ಎರಡು ಸಲ ಓದಿ ನೋಡಿದ್ದೇನೆ. ಇವನ್ನು ಮಳೆ ತಾಗದ ಕಡೆ, ಇಲಿ ಮುಟ್ಟದ ಕಡೆ, ಜೋಪಾನವಾಗಿ ಇಟ್ಟುಕೊಳ್ಳಿರಿ.